ಒಂದೇ ಮಾತು ಬರೆದವರು

“ಗುರುಗಳೇ, ಸುಳ್ಳನ್ನು ಬೇರೆ ಮಾಡಿ ತೆಗೆದರೆ ಉಳಿಯುವುದೆಲ್ಲ ನಿಜವೇ ತಾನೇ?” ಎಂದು ಇಂದುಧರ ಕೇಳಿದ. ಆನ್‌ಲೈನ್ ಅಂಗಡಿಗಳಲ್ಲಿ ಸುಳ್ಳು ರಿವ್ಯೂಗಳನ್ನು ಹಿಡಿದುಕೊಡುವ ಸಾಧನವೊಂದನ್ನು ಅವನು ಆಗಷ್ಟೇ ಕಟ್ಟಿ ಮುಗಿಸಿದ್ದ.

ಗುರುಗಳು ಹೇಳಿದರು:

“ಒಬ್ಬ ಹೆಣ್ಣುಮಗಳು ಅಂಥದೇ ಸಾಧನ ಕಟ್ಟಿದಳು. ಬೇಕಾದ ಸಾಮಾನಿನ ಹೆಸರು ಕೊಟ್ಟರೆ ಅದು ಅಂಗಡಿಗಳನ್ನೆಲ್ಲ ಜಾಲಾಡಿ, ಸುಳ್ಳೆಂದು ಕಂಡ ರಿವ್ಯೂಗಳನ್ನು ಬದಿಗೆ ಸರಿಸಿ, ಮಿಕ್ಕದ್ದನ್ನು ತೋರಿಸುತ್ತಿತ್ತು. ಬಾಡಿಗೆಗೆ ಬರೆಯುವವರು ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯುತ್ತಾರೆ ಎಂಬುದನ್ನು ಅವಳು ಕಂಡುಕೊಂಡಿದ್ದಳು. ಹಾಗಾಗಿ, ಹಲವರು ಒಂದೇ ಮಾತು ಬರೆದರೆ ನಂಬಬಾರದೆಂದು ಸಾಧನಕ್ಕೆ ಕಲಿಸಿದಳು. ಜನ ಮೆಚ್ಚಿದರು. ಅವಳಿಗೂ ಅದರ ಮೇಲೆ ಪೂರ್ತಿ ನಂಬಿಕೆ ಬಂತು.

ಅವಳ ತಂಗಿ ಬಾಣಂತಿ. ಮಗುವಿನ ಸ್ನಾನಕ್ಕೆ ನೀರು ಕಾಯಿಸುವ ಕಾಯಿಲ್ ಬೇಕಾಗಿತ್ತು. ‘ಅಕ್ಕಾ, ಇದನ್ನು ತರಿಸಲಾ?’ ಎಂದು ಕೇಳಿದಳು. ಅಕ್ಕ ಸಾಧನದಲ್ಲಿ ನೋಡಿದಳು. ಒಂದು ದೂರೂ ಕಾಣಲಿಲ್ಲ. ‘ಕಣ್ಣುಮುಚ್ಚಿಕೊಂಡು ತಗೋ’ ಎಂದಳು.

ಕಾಯಿಲ್ ಮನೆಗೆ ಬಂದ ಮಾರನೆಯ ಬೆಳಿಗ್ಗೆ ತಂಗಿ ಅದರ ಹಿಡಿ ಮುಟ್ಟಿದವಳು ಅಲ್ಲೇ ಕುಸಿದಳು. ಗಂಡ ಓಡಿ ಬಂದು ಸ್ವಿಚ್ ಆರಿಸುವಷ್ಟರಲ್ಲಿ ಜೀವ ಹೋಗಿತ್ತು.

ಅಕ್ಕನಿಗೆ ನಂಬಲಾಗಲಿಲ್ಲ. ಕೊಂಡವರಲ್ಲಿ ಒಬ್ಬರಾದರೂ ಬರೆದಿರಬೇಕಲ್ಲ ಎನ್ನಿಸಿತು. ಸಾಧನ ಬದಿಗೆ ಸರಿಸಿದ್ದನ್ನು ಮೊದಲ ಸಲ ತೆರೆದು ನೋಡಿದಳು. ‘ಹಿಡಿ ಮುಟ್ಟಿದರೆ ಕರೆಂಟ್ ಹೊಡೆಯುತ್ತೆ, ತಗೋಬೇಡಿ’ ಎಂದು ಯಾರೋ ಬರೆದಿದ್ದರು. ಅದರ ಕೆಳಗೆ ಇನ್ನೊಬ್ಬರು ಅದನ್ನೇ ಬರೆದಿದ್ದರು. ಅದರ ಕೆಳಗೆ ಮತ್ತೊಬ್ಬರು. ಎಲ್ಲರಿಗೂ ಆದದ್ದು ಒಂದೇ, ಹಾಗಾಗಿ ಎಲ್ಲರೂ ಬರೆದದ್ದೂ ಒಂದೇ.

ಅಂದೇ ಅವಳು ಸಾಧನವನ್ನು ನಿಲ್ಲಿಸಿದಳು. ಬದಿಗೆ ಸರಿದದ್ದನ್ನೆಲ್ಲ ಒಂದೊಂದಾಗಿ ಓದತೊಡಗಿದಳು. ಈಗಲೂ ಓದುತ್ತಿದ್ದಾಳೆ.”

ಇಂದುಧರ, “ಅವಳು ಕಲಿಸಿದ್ದು ತಪ್ಪಾಯಿತು ಗುರುಗಳೇ. ನನ್ನ ಸಾಧನ ಅದಕ್ಕಿಂತ ಚುರುಕಾಗಿದೆ. ಅಂಥ ತಪ್ಪು ಮಾಡುವುದಿಲ್ಲ” ಎಂದ.

ಗುರುಗಳು ಕೇಳಿದರು: “ಅದು ಸುಳ್ಳೆಂದು ಎತ್ತಿಟ್ಟದ್ದರಲ್ಲಿ ನೀನು ಎಷ್ಟನ್ನು ಓದಿದ್ದೀಯಪ್ಪಾ?”