ದೊಣೆಗೆ ಬಂದ ಕೆಂಪು ಮೀನು

ಒಂದು ಕಾಡಿನ ನಟ್ಟನಡುವೆ ಒಂದು ಹೆಬ್ಬಂಡೆ. ಬಂಡೆಯ ನೆತ್ತಿಯ ಮೇಲೊಂದು ದೊಣೆ. ದೊಣೆಯೆಂದರೆ ಮಳೆನೀರು ನಿಲ್ಲುವ ಕಲ್ಲಿನ ಗುಂಡಿ. ಅದನ್ನು ನೋಡಿಕೊಳ್ಳುತ್ತಿದ್ದವಳು ಚೂಪವ್ವ ಎಂಬ ಮುಳ್ಳುಹಂದಿ. ಬೇಸಿಗೆಯಲ್ಲಿ ಹಳ್ಳ ಒಣಗಿದರೆ ಸುತ್ತಲಿನ ಮರಿಗಳಿಗೆಲ್ಲ ಅದೇ ಕುಡಿಯುವ ನೀರು. ಅದು ಬಿಟ್ಟರೆ ಮೊಸಳೆಯ ಮಡುವಿಗೇ ಹೋಗಬೇಕು. ಅಲ್ಲಿಗೆ ಹೋದ ಮರಿಗಳೆಲ್ಲ ತಿರುಗಿ ಬಂದದ್ದಿಲ್ಲ.

ನಿಂತ ನೀರು ಕಂಡರೆ ಸೊಳ್ಳೆ ಸುಮ್ಮನಿರುತ್ತದೆಯೇ? ಮೊಟ್ಟೆಯಿಡುತ್ತದೆ, ಹುಳು ಮಿಜಿಮಿಜಿ ಅನ್ನುತ್ತದೆ, ನೀರು ನಾರುತ್ತದೆ. ಅದಕ್ಕೇ ಚೂಪವ್ವ ಹಳ್ಳದಿಂದ ಬೆರಳುದ್ದದ ಮೀನುಗಳನ್ನು ತಂದು ದೊಣೆಯಲ್ಲಿ ಸಾಕಿದ್ದಳು. ಹುಳು ತಿನ್ನುವುದೇ ಅವುಗಳ ಕೆಲಸ. ಆ ವರ್ಷ ಮಾತ್ರ ಬಿರುಮಳೆಗೆ ದೊಣೆ ತುಂಬಿ ಹರಿದು, ಮೀನೆಲ್ಲ ಕೊಚ್ಚಿಹೋಗಿ ಆರೇ ಆರು ಉಳಿದವು. ಚೂಪವ್ವನಿಗೆ ಚಿಂತೆ ಹತ್ತಿತು.

ಇದನ್ನು ಕಂಡ ಕೊಕ್ಕರೆ ಧ್ಯಾನಪ್ಪ ಮರುದಿನವೇ ಒಂದು ಸೋರೆಬುರುಡೆ ಕಚ್ಚಿಕೊಂಡು ಬಂದ. ಒಳಗೆ ಹತ್ತು ಪುಟಾಣಿ ಮೀನು, ಎಲ್ಲವೂ ಕುಂಕುಮದಂತೆ ಕೆಂಪು. ಆ ಕಾಡಿನವರಿಗೆ ಒಂದು ಕೆಟ್ಟ ಚಾಳಿ. ಮೀನಿಗೆ ಬಣ್ಣ ನೋಡಿಯೇ ಹೆಸರಿಡುವುದು. ಮರಿಗಳೆಲ್ಲ ಓಡಿಬಂದು ‘ಕುಂಕುಮದ ಮೀನು, ಕುಂಕುಮದ ಮೀನು’ ಎಂದು ಕುಣಿದವು. ಹೆಸರು ಸಿಕ್ಕಿತಲ್ಲ, ಇನ್ನು ದೊಣೆಗೆ ಬಿಟ್ಟರಾಯಿತು ಎಂದು ಧ್ಯಾನಪ್ಪ ಬುರುಡೆ ಬಗ್ಗಿಸಲು ಹೋದ.

ಚೂಪವ್ವ ಮುಳ್ಳು ನಿಮಿರಿಸಿ ಅಡ್ಡ ನಿಂತಳು.

“ನಿಲ್ಲು ಅಣ್ಣ. ಅದು ಬಣ್ಣದ ಹೆಸರು, ಮೀನಿನದ್ದಲ್ಲ. ಯಾವ ಮೀನೆಂದು ಗೊತ್ತಾಗದೆ ನನ್ನ ದೊಣೆಗೆ ಒಂದನ್ನೂ ಬಿಡುವುದಿಲ್ಲ.”

ಮನೆಗೆ ಬಂದ ನೆಂಟರ ಕುಲಗೋತ್ರ ಕೇಳುವ ಜಿಪುಣಿ ಎಂದು ಧ್ಯಾನಪ್ಪ ಹಂಗಿಸಿದ. ಮರಿಗಳೂ ಮುಖ ಊದಿಸಿಕೊಂಡವು. ಚೂಪವ್ವ ಜಗ್ಗಲಿಲ್ಲ. ಕೆಂಪು ಮೀನುಗಳನ್ನು ಪಕ್ಕದ ಪುಟ್ಟ ಕುಳಿಗೆ ಬಿಟ್ಟು ದಿನಾ ನೋಡುತ್ತಾ ಕೂತಳು.

ಕಾಯುವುದೇನು ಸುಲಭವೇ? ದೊಣೆಯಲ್ಲಿ ಹುಳು ಹೆಚ್ಚುತ್ತಿತ್ತು. ಆರು ಮೀನುಗಳು ತಿಂದು ತಿಂದು ಸುಸ್ತಾಗಿದ್ದವು. ಸಾಕಪ್ಪ ಸಾಕು, ಬಿಟ್ಟುಬಿಡೋಣ ಎಂದು ಅವಳಿಗೂ ಒಮ್ಮೆ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ಅಂದೇ ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಮೀನಿನ ಕೆಂಪು ಮಾಸುತ್ತಿತ್ತು. ದಿನ ಕಳೆದಂತೆ ಮೈ ಕಂದು ಬಣ್ಣಕ್ಕೆ ತಿರುಗಿತು, ಬಾಯಿ ಅಗಲವಾಯಿತು. ಅವು ಗಳಿಗೆಗೊಮ್ಮೆ ಮೇಲೆ ಬಂದು ಗಾಳಿ ಗುಟುಕರಿಸುತ್ತಿದ್ದವು. ಹದಿನೈದನೆಯ ದಿನ ಎಣಿಸಿದರೆ ಹತ್ತರಲ್ಲಿ ಎಂಟೇ ಇದ್ದವು. ಉಳಿದೆರಡನ್ನು ಒಡಹುಟ್ಟಿದವೇ ನುಂಗಿದ್ದವು.

ಚೂಪವ್ವ ನೀರುನಾಯಿ ಈಜಜ್ಜಿಯನ್ನು ಕರೆಸಿದಳು. ಮೀನು ತಿಂದೇ ಮುದುಕಿಯಾದವಳು ಅವಳು. ಮೀನಿನ ವಿಷಯದಲ್ಲಿ ಅವಳ ಮುಂದೆ ಪಂಡಿತರಿಲ್ಲ. ತಲೆ ನೋಡಿದಳು, ಬಾಯಿ ನೋಡಿದಳು, ಬೆನ್ನಿನುದ್ದದ ರೆಕ್ಕೆ ನೋಡಿದಳು.

“ಇದು ಕುಚ್ಚಿನ ಮೀನು ಕಣೇ. ಮರಿಯಾಗಿದ್ದಾಗ ಮಾತ್ರ ಕೆಂಪು. ಬೆಳೆದರೆ ಮೊಳದುದ್ದ, ದೊಣೆಯಲ್ಲಿ ಒಂದು ಜೀವವನ್ನೂ ಉಳಿಸುವುದಿಲ್ಲ.”

ಆಗ ಧ್ಯಾನಪ್ಪನ ಲೆಕ್ಕಾಚಾರ ಬಯಲಾಯಿತು. ಕುಚ್ಚಿನ ಮೀನು ದೊಣೆಯ ಮೀನುಗಳನ್ನೆಲ್ಲ ತಿಂದು ಕೊಬ್ಬಲಿ, ಆಮೇಲೆ ಅದು ತನಗೆ ಕೂತಲ್ಲೇ ಊಟ. ನೀರು ಕೊಳೆತು ಮರಿಗಳು ಮೊಸಳೆಯ ಬಾಯಿಗೆ ಬಿದ್ದರೆ ಅವನಿಗೇನು? ತನಗೇನೂ ಗೊತ್ತಿರಲಿಲ್ಲವೆಂದು ಅವನು ಕಣ್ಣು ಮುಚ್ಚಿ ಆಣೆ ಮಾಡಿದ.

“ಆಗಲಿ ಅಣ್ಣ,” ಎಂದಳು ಚೂಪವ್ವ. “ಎಲ್ಲಿಂದ ತಂದೆಯೋ ಅಲ್ಲಿಗೇ ಬಿಟ್ಟು ಬಾ. ನಾವೂ ಜೊತೆಗೆ ಬರುತ್ತೇವೆ.”

ಧ್ಯಾನಪ್ಪನ ಮುಖ ಬಿಳಿಚಿತು. ಯಾಕೆ ಗೊತ್ತೇ? ಕುಚ್ಚಿನ ಮೀನು ತನ್ನ ಮರಿಗಳನ್ನು ಬಿಟ್ಟು ಕದಲುವುದಿಲ್ಲ. ತಾಯಿ ಮೀನು ಒಂದು ಕಪ್ಪೆಯನ್ನು ಅಟ್ಟಿಸಿಕೊಂಡು ಹೋದ ಗಳಿಗೆಯಲ್ಲಿ ಅವನು ಅವುಗಳನ್ನು ಕದ್ದಿದ್ದ. ಈಗ ಇಡೀ ಕಾಡೇ ಹಿಂದೆ ನಿಂತು ನೋಡುತ್ತಿತ್ತು. ಬೇರೆ ದಾರಿಯಿಲ್ಲದೆ ಅವನು ಹಳ್ಳದ ಜೊಂಡಿನ ನಡುವೆ ಕಾಲಿಟ್ಟು ಬುರುಡೆ ಬಗ್ಗಿಸಿದ. ಎಂಟು ಮರಿಗಳೂ ಸರ್ರನೆ ನೀರಿಗಿಳಿದವು. ಅವುಗಳ ಹಿಂದೆಯೇ ಕೆಸರಿನಿಂದ ತಾಯಿ ಎದ್ದು ಅವನ ಎಡಗಾಲನ್ನು ಕಚ್ಚಿ ಹಿಡಿಯಿತು. ಎರಡು ಬೆರಳು ಅಲ್ಲೇ ಹೋದವು.

ಈಜಜ್ಜಿ ಗುರುತಿಸಿ ಕೊಟ್ಟ ಇಪ್ಪತ್ತು ಹುಳುತಿನ್ನುವ ಮೀನುಗಳು ಅದೇ ವಾರ ದೊಣೆ ಸೇರಿದವು. ಮುಂದಿನ ಬೇಸಿಗೆಯಲ್ಲಿ ಒಂದು ಮರಿಯೂ ಮಡುವಿನ ದಾರಿ ಹಿಡಿಯಲಿಲ್ಲ. ಧ್ಯಾನಪ್ಪ ಇಂದಿಗೂ ನೀರಿನಲ್ಲಿ ಒಂಟಿಕಾಲಿನಲ್ಲಿ ನಿಲ್ಲುತ್ತಾನೆ. ತಪಸ್ಸು ಎಂದು ಹೇಳಿಕೊಳ್ಳುತ್ತಾನೆ. ಇನ್ನೊಂದು ಕಾಲು ನೀರಿಗಿಡಲು ಅವನಿಗೆ ಭಯ, ಅಷ್ಟೇ.

ನೀತಿ: ಹಳ್ಳಕೊಳ್ಳದಿಂದ ಹಿಡಿದು ತಂದ ಮೀನು ಯಾವುದೆಂದು ಬಲ್ಲವರಿಂದ ತಿಳಿಯುವ ತನಕ ಸಾಕಿದ ಮೀನುಗಳ ಜೊತೆ ಬಿಡಬಾರದು. ಬಣ್ಣ ನೋಡಿ ನಂಬಿದವರು ಇದ್ದದ್ದನ್ನೂ ಕಳೆದುಕೊಳ್ಳುತ್ತಾರೆ.