ಗೌಡರ ಅಜ್ಜನ ಹೆಸರಿದ್ದ ಗಂಟು

ನಮ್ಮೂರ ಹಸ್ತಪ್ರತಿ ಭಂಡಾರಕ್ಕೆ ರುದ್ರಗೌಡರು ಹೊಸ ಅಧ್ಯಕ್ಷರಾಗಿ ಬಂದರು. ಬಂದವರೇ, ಅಲ್ಲಿ ಕಸ ಗುಡಿಸಿ ಕಪಾಟು ಕಾಯುವ ದ್ಯಾಮವ್ವನನ್ನು ಕರೆದರು.

"ಈ ಲಾವಣಿ ಪುಸ್ತಕ, ದೊಡ್ಡಾಟದ ಹಾಡು, ಒಣಗಿದ ಎಲಿ ಅಂಟಿಸಿದ ಹಾಳಿ, ಎಲ್ಲಾ ರದ್ದಿಗೆ ಹಾಕು. ನನ್ನ ಸನ್ಮಾನದ ಫಲಕ ಇಡಾಕ ಜಾಗ ಖಾಲಿ ಆಗಬೇಕು."

"ಹಾಕ್ತೀನ್ರಿ ಗೌಡ್ರ," ಎಂದಳು ದ್ಯಾಮವ್ವ. "ಆದ್ರ ಇದರಾಗ ಯಾವುದೋ ಗಂಟಿನಾಗ ನಿಮ್ಮ ಅಜ್ಜಾರ ಹೆಸರು ಐತ್ರಿ. ಯಾವ ಗಂಟು ಅನ್ನೂದು ಮರತೀನಿ."

ಗೌಡರ ಮುಖ ಅರಳಿತು. ಅಜ್ಜ ಲಾವಣಿ ಕಟ್ಟಿದ್ದನೇ? ದೊಡ್ಡಾಟದಲ್ಲಿ ರಾಜನಾಗಿದ್ದನೇ? ಧೋತರ ಮೇಲೆ ಕಟ್ಟಿ ನೆಲಕ್ಕೇ ಕುಳಿತರು. ಧೂಳು ಜಾಡಿಸಿದರು, ಸೀನಿದರು. ಒಂದೊಂದೇ ಗಂಟು ಬಿಚ್ಚಿ ಓದಿದರು. ನೋಡಿದ್ದನ್ನೇ ಮತ್ತೆ ನೋಡಬಾರದೆಂದು, ಒಳಗೇನಿದೆ ಅಂತ ಬರೆದು ಚೀಟಿ ಹಚ್ಚಿದರು. ಒಂದು ಲಾವಣಿಯನ್ನಂತೂ ದನಿ ತೆಗೆದು ಹಾಡಿಯೇಬಿಟ್ಟರು. ಹನ್ನೊಂದು ವರ್ಷದಿಂದ ಯಾರೂ ಮಾಡದ ಕೆಲಸ ನಾಲ್ಕೇ ದಿನದಲ್ಲಿ ಮುಗಿಯಿತು. ದ್ಯಾಮವ್ವ ಚಹಾ ಕೊಡುತ್ತಲೇ ಇದ್ದಳು.

ಕೊನೆಯ ಗಂಟಿನಲ್ಲಿ ಅಜ್ಜನ ಹೆಸರು ಸಿಕ್ಕಿತು. ಗೌಡರು ಎದ್ದು ನಿಂತು ಗಟ್ಟಿಯಾಗಿ ಓದಿದರು:

"ಹಕ್ಕಿ ಚಿತ್ರಗಳ ಪುಸ್ತಕ ಒಂದು. ನೋಡಲು ಒಯ್ದವರು ಚನ್ನಗೌಡರು. ತಿರುಗಿ..." ದನಿ ಇಳಿಯಿತು. "ತಂದಿಲ್ಲ."

ದ್ಯಾಮವ್ವ ಮೇಲಿನ ಕಪಾಟು ತೋರಿಸಿದಳು. ಒತ್ತಾಗಿ ನಿಂತ ಪುಸ್ತಕಗಳ ನಡುವೆ ಒಂದೇ ಒಂದು ಸಂದು.

"ಜಾಗ ಖಾಲಿನೇ ಐತ್ರಿ ಗೌಡ್ರ. ನಿಮ್ಮ ಅಜ್ಜಾರೇ ಮಾಡಿ ಹೋಗ್ಯಾರ."

ಮರುದಿನ ಗೌಡರು ಬಂದರು. ಕೈಯಲ್ಲಿ ಫಲಕವಿರಲಿಲ್ಲ, ಪುಸ್ತಕವಿತ್ತು.