ಕೊನೆಯಿಂದ ತೋಡಿದ ಚರಂಡಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಪುಟ್ಟಗೌರಮ್ಮನವರು. ಸೋಮವಾರದ ಪೂಜೆ ಮುಗಿಸಿ, ನಮ್ಮ ಕೈಗೆ ಪ್ರಸಾದದ ಹೂವಿಟ್ಟು, ಗೋಡೆಗೆ ಒರಗಿ ಕೂತು ಹೇಳುತ್ತಿದ್ದರು. ಶಿವ ನಡೆಸಿದಂತೆ ನಾನೂ ಹೇಳುತ್ತೇನೆ.

ಹೊನ್ನಮರಡಿ ಎಂಬ ಪಟ್ಟಣದಲ್ಲಿ ಒಂದು ಬೆಳಗ್ಗೆ ಡಂಗುರ ಸಾರಿದರು. "ಕೇಳಿರಪ್ಪಾ ಕೇಳಿ. ಅರಮನೆಯ ಒಳಚರಂಡಿಯನ್ನು ತಮ್ಮ ಕೇರಿಯಿಂದ ಮುಂದಕ್ಕೆ ಬೆಳೆಸಿ ಎನ್ನುವವರು ಇನ್ನು ಮೇಲೆ ಅರ್ಜಿ ಹಿಡಿದು ಬರಕೂಡದು. ಮುದ್ದರಸ ಮಹಾಸ್ವಾಮಿಗಳು ಮೂರು ಒಗಟು ಹೇಳುತ್ತಾರೆ. ಮೂರನ್ನೂ ಬಿಡಿಸಿದವನ ಕೇರಿಗೆ ಚರಂಡಿ, ಅವನಿಗೆ ಉಡುಗೊರೆ. ಒಂದು ತಪ್ಪಿದರೂ ತಲೆದಂಡ."

ಅರ್ಜಿಗಳ ಕಾಟ ತಪ್ಪಲಿ ಎಂದು ಮಂತ್ರಿ ಹೂಡಿದ ಉಪಾಯ ಇದು. ಚರಂಡಿ ಕಟ್ಟುವುದಕ್ಕೆ ಅರಸನ ಅಜ್ಜನ ಕಾಲದಲ್ಲಿ ಕಟ್ಟಳೆಗಳಿದ್ದವು. ಅವನ್ನೆಲ್ಲ ಜನ ಮರೆತಿದ್ದರು. ಅದರಲ್ಲೇ ಮೂರನ್ನು ಆರಿಸಿ ಒಗಟು ಮಾಡಿದ್ದ.

ಆ ಚರಂಡಿ ಅರಮನೆಯ ಬಚ್ಚಲಿನಿಂದ ಹೊರಟು, ದೊಡ್ಡಬೀದಿಯ ನೆಲದಡಿ ಹಾದು, ತಗ್ಗಿನ ಕೇರಿಗೆ ಬಂದು ನಿಂತುಬಿಟ್ಟಿತ್ತು. ಪಟ್ಟಣದ ಕೊಳಕೆಲ್ಲ ಆ ಕೇರಿಯ ಬಾವಿಗೆ ಇಳಿಯುತ್ತಿತ್ತು. ಮೇಲಿನ ಬೀದಿಯ ಬಾವಿಗೆ ಕೇರಿಯವರನ್ನು ಬಿಡುತ್ತಿರಲಿಲ್ಲ. ಮನೆಮನೆಗೂ ವಾಂತಿಭೇದಿ. ಜವರ ಎಂಬ ಹುಡುಗ ಅಲ್ಲಿದ್ದ, ಜಂಬುಹುಲ್ಲು ಕೊಯ್ದು ಚಾಪೆ ಹೆಣೆಯುವವನು. ಅಪ್ಪ ಅವ್ವ ಅದೇ ಬೇನೆಗೆ ಹೋಗಿದ್ದರು. ಉಳಿದವಳು ತಂಗಿ ದ್ಯಾವಿ. ಈಗ ಅವಳೂ ಮಲಗಿದ್ದಳು.

"ಹೋಗಬ್ಯಾಡ ಕಣಣ್ಣ, ತಲೆ ತೆಗೀತಾರೆ" ಎಂದಳು.

"ಆ ನೀರು ನಿಲ್ದಿದ್ರೆ ನೀನು ಉಳಿಯಾಕಿಲ್ಲ. ನನ್ನ ತಲೆ ಇಟ್ಕೊಂಡು ಏನು ಮಾಡ್ಲಿ?" ಎಂದು ಹೊರಟ.

ಅರಮನೆಯ ಬಾಗಿಲಲ್ಲಿ ಪೇಟೆಬೀದಿಯ ರಂಗಶೆಟ್ಟಿ ಉಡುಗೊರೆಯ ಆಸೆಯಿಂದ ಸರದಿಗೆ ಕಾದಿದ್ದ. "ಏನಯ್ಯ ಜವರ, ಚಾಪೆ ತಂದಿಲ್ವಾ? ತಲೆ ಬಿದ್ದ ಮೇಲೆ ಮೈ ಮಲಗಿಸೋಕೆ ಬೇಕಲ್ಲ."

"ಮನೇಲೈತೆ ಶೆಟ್ರೆ. ನಿಮಗೂ ಒಂದು ಹೆಣೀಲಾ?"

ಶೆಟ್ಟಿ ನಗುತ್ತಲೇ ಒಳಗೆ ಹೋದ. ಅರಸ ಮೊದಲ ಒಗಟು ಹೇಳಿದ: "ಎಲ್ಲರ ಮನೆಗೂ ಬೇರೆ ಬೇರೆ ಬಾಗಿಲು, ಆದರೆ ಹೊರಗೆ ಹೋಗುವ ದಾರಿ ಒಂದೇ. ಆ ದಾರಿಯಲ್ಲಿ ಹೋಗುವುದು ಅರಮನೆಯದೋ ಗುಡಿಸಲಿನದೋ ಗುರುತು ಸಿಗುವುದಿಲ್ಲ. ಯಾವ ದಾರಿ?"

"ಸುಡುಗಾಡಿನ ದಾರಿ, ಮಹಾಸ್ವಾಮಿ."

"ನಮ್ಮ ತಂದೆಯವರು ಆ ದಾರಿಯಲ್ಲಿ ವಾದ್ಯ ಬಾರಿಸಿಕೊಂಡು, ಹೂವಿನ ಪಲ್ಲಕ್ಕಿಯಲ್ಲಿ ಹೋದರು. ನಿಮ್ಮ ಕೂಲಿಯಾಳು ಚಾಪೆ ಸುತ್ತಿಸಿಕೊಂಡು ಹೋಗುತ್ತಾನೆ. ಗುರುತು ಸಿಗುವುದಿಲ್ಲವೇ ಶೆಟ್ಟರೇ?"

ಶೆಟ್ಟಿಯನ್ನು ಎಳೆದುಕೊಂಡು ಹೋದರು. ಅವನ ರುಮಾಲು ಬಿದ್ದಲ್ಲೇ ಇತ್ತು. ಆಮೇಲೆ ಬಂದವರು ಅಗ್ರಹಾರದ ಪದ್ಮನಾಭ ಜೋಯಿಸರು. ಬಹಳ ಯೋಚನೆ ಮಾಡಿ "ನಿದ್ದೆಯ ದಾರಿ" ಎಂದರು. "ನಾವು ಹಂಸತೂಲಿಕೆಯ ಮೇಲೆ ನಿದ್ದೆಗೆ ಹೋಗುತ್ತೇವೆ, ಜೋಯಿಸರೇ" ಎಂದ ಅರಸ. ಅವರೂ ಹೋದರು.

ಜವರ ರುಮಾಲನ್ನು ದಾಟಿ ಮುಂದೆ ನಿಂತ. ಅದೇ ಒಗಟು.

"ಇದೇ ಒಳಚರಂಡಿ, ಬುದ್ಧಿ. ಎಲ್ಲಾರದ್ದೂ ಒಂದಾಗಿ ನಮ್ಮ ಬಾವಿಗೆ ಬರ್ತದೆ. ಯಾವುದು ಯಾರದು ಅಂತ ನಮಗೆ ಇವತ್ತಿಗೂ ಗೊತ್ತಾಗಿಲ್ಲ."

ಮಂತ್ರಿ ತಲೆಯಾಡಿಸಿದ. ಅರಸ ಎರಡನೆಯದನ್ನು ಹೇಳಿದ: "ಮೇಲಿನಿಂದ ಬರುವ ನೆಂಟ. ಅವನು ಬರಲಿ ಎಂದು ಊರೆಲ್ಲ ದೇವರಿಗೆ ಕೈಮುಗಿಯುತ್ತದೆ. ಒಂದು ಮನೆಯೊಳಕ್ಕೆ ಮಾತ್ರ ಬಿಡಬಾರದು. ಬಿಟ್ಟರೆ ಆ ಮನೆಯ ಬಾಗಿಲು ಹಾರಿಹೋಗುತ್ತದೆ. ನೆಂಟ ಯಾರು, ಮನೆ ಯಾವುದು?"

"ಮಳೆನೀರು. ಅದನ್ನ ಕೊಳಕಿನ ಚರಂಡಿಗೆ ಬಿಡಬಾರದು. ಅರಮನೆ ಮಾಳಿಗೆ ನೀರನ್ನ ಅದರೊಳಕ್ಕೇ ತಿರುಗಿಸವ್ರೆ. ಮೊದಲ ಮಳೆಗೇ ಚರಂಡಿ ಬಾಯಿಗೆ ಮುಚ್ಚಿದ್ದ ಚಪ್ಪಡಿ ಹಾರಿ, ಎಲ್ಲಾ ನಮ್ಮ ಒಲೆಗೆ ನುಗ್ತು."

ಮಂತ್ರಿ ಮತ್ತೆ ತಲೆಯಾಡಿಸಿದ. ಅರಸ ನಿಧಾನವಾಗಿ ಮೂರನೆಯದನ್ನು ಹೇಳಿದ: "ಕೊನೆಯಿಂದ ಶುರು ಮಾಡಬೇಕಾದ ಕೆಲಸ ಯಾವುದು? ಮೊದಲಿನಿಂದ ಶುರು ಮಾಡಿದವನು ಕಂಡವರ ಮನೆ ಹಾಳು ಮಾಡುತ್ತಾನೆ."

ಆ ಉತ್ತರ ಅರಸನ ಮುಖಕ್ಕೇ ಹೊಡೆಯುತ್ತದೆಂದು ಜವರನಿಗೆ ಗೊತ್ತಿತ್ತು. ಆದರೂ ಹೇಳಿದ. "ಚರಂಡಿ ತೋಡೋದು, ಬುದ್ಧಿ. ನೀರು ಎಲ್ಲಿ ಸೇರಬೇಕೋ ಅಲ್ಲಿಂದ ತೋಡ್ಕೊಂಡು ಮೇಲಕ್ಕೆ ಬರಬೇಕು. ನಿಮ್ಮೋರು ಅರಮನೆಯಿಂದ ತೋಡಿದ್ರು, ಸಾಕಾದಾಗ ನಿಲ್ಲಿಸಿದ್ರು. ನಿಲ್ಲಿಸಿದ ಜಾಗ ನಮ್ಮ ಮನೆ."

ಮಂತ್ರಿ ಎದ್ದು, ಮೂರೂ ಸರಿ, ಮೂರೂ ಹಳೆಯ ಕಟ್ಟಳೆಗಳೇ ಎಂದು ಸಭೆಗೆ ಬಿಡಿಸಿ ಹೇಳಿದ: ಎಲ್ಲ ಮನೆಯ ಕೊಳಕಿಗೂ ಒಂದೇ ಚರಂಡಿ, ಅದಕ್ಕೆ ಮಳೆನೀರು ಸೇರಕೂಡದು, ತೋಡುವುದು ಕೊನೆಯಿಂದ. ಅರಸ ಕೈಯ ಚಿನ್ನದ ಕಡಗ ತೆಗೆದು ಜವರನಿಗೆ ತೊಡಿಸಿದ.

"ಮನೆಯಲ್ಲಿ ಯಾರಿಗೋ ಕಾಯಿಲೆಯಂತೆ?"

"ತಂಗಿಗೆ, ಬುದ್ಧಿ."

"ನಾಳೆಯೇ ಆಳು ಕಳಿಸುತ್ತೇನೆ. ಚರಂಡಿ ಈಗ ನಿಂತಲ್ಲಿಂದಲೇ ತೋಡಿ ನಿನ್ನ ಕೇರಿ ದಾಟಿಸಲಿ. ಅವಳು ಉಳಿದುಕೊಂಡಾಳು."

"ದಾಟಿದ ಮೇಲೆ ಎಲ್ಲಿಗೆ ಬೀಳ್ತದೆ?"

"ಕೆಳಗೆ ಮೇದರ ಹಟ್ಟಿ ಇದೆಯಂತಲ್ಲ."

"ಅವರಿಗೂ ಒಂದೇ ಬಾವಿ."

"ಅವರೂ ಬಂದು ಒಗಟು ಬಿಡಿಸಲಿ" ಎಂದ ಅರಸ.

ಮೇದರ ಹಟ್ಟಿಯಾಚೆ, ಯಾರ ಬಾವಿಯೂ ಇಲ್ಲದ ಮರಳುಬಯಲಿನಿಂದ ತೋಡುತ್ತ ಬಂದರೆ ಎಷ್ಟು ಕಾಲ ಹಿಡಿಯುತ್ತದೆಂದು ಜವರ ಮಂತ್ರಿಯನ್ನು ಕೇಳಿದ. ಎರಡು ಮಳೆಗಾಲವಾದರೂ ಆಗುತ್ತದೆ ಎಂದ ಮಂತ್ರಿ.

"ಅಲ್ಲೀಗಂಟ ಅರಮನೆ ಬಚ್ಚಲು ಮುಚ್ಚಿಸ್ತೀರಾ, ಬುದ್ಧಿ?"

ಸಭೆ ನಕ್ಕಿತು. ಅರಸ ನಗಲಿಲ್ಲ. "ಅದು ಆಗದ ಮಾತು" ಎಂದ.

"ಹಂಗಾದ್ರೆ ಕೊನೆಯಿಂದಲೇ ತೋಡಿಸಿ" ಎಂದು ಹೇಳಿ ಜವರ ಮನೆಗೆ ಬಂದ.

"ಗೆದ್ಯಾ ಅಣ್ಣ?" ಎಂದಳು ದ್ಯಾವಿ.

"ಗೆದ್ದೆ ಕಣವ್ವ."

"ಯಾವಾಗ ಬರ್ತದೆ?"

"ಬರ್ತಾ ಐತೆ. ಮಲಕ್ಕೊ."

ಚರಂಡಿ ಮರಳುಬಯಲನ್ನು ದಾಟುವ ಮೊದಲೇ ದ್ಯಾವಿ ಹೋದಳು. ಅಣ್ಣ ತಾನು ಹೆಣೆದ ಚಾಪೆಯಲ್ಲೇ ಸುತ್ತಿ ಅವಳನ್ನು ಮಣ್ಣು ಮಾಡಿ, ಮಾರನೆಯ ದಿನ ಗುದ್ದಲಿ ಹಿಡಿದು ಆಳುಗಳ ಜೊತೆ ಸೇರಿಕೊಂಡ. ತೋಡುತ್ತ ತೋಡುತ್ತ ಕೊನೆಗೆ ತಗ್ಗಿನ ಕೇರಿ ಮುಟ್ಟಿದರು. ಮೇಸ್ತ್ರಿ ನಿಂತು ನೋಡಿದ. ಮುಕ್ಕಾಲು ಪಾಲು ಮನೆಗಳಲ್ಲಿ ಯಾರೂ ಉಳಿಯದೆ ಬಾಗಿಲಿಗೆ ಮುಳ್ಳು ಬಡಿದಿತ್ತು.

"ಯಾವ ಯಾವ ಮನೆಗೆ ಜೋಡಿಸಲಿ ಜವರ?"

"ಎಲ್ಲಕ್ಕೂ ಜೋಡಿಸಿ" ಎಂದ.

ನಮ್ಮತ್ತೆ ಇಲ್ಲಿಗೆ ನಿಲ್ಲಿಸುತ್ತಿದ್ದರು. ದೇವರು ಅವನಿಗೆ ಏನು ಕೊಟ್ಟ ಎಂದು ನಾವು ಕೇಳಿದರೆ, "ಮೇದರ ಹಟ್ಟಿ ಮಕ್ಕಳು ಉಳಿದವಲ್ಲಪ್ಪ" ಎನ್ನುತ್ತಿದ್ದರು. ಹಾಗೆಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅದಕ್ಕಿಂತ ಹೆಚ್ಚಿನ ಉತ್ತರ ನನಗೂ ತಿಳಿಯದು. ಕೇಳಿದ ನೀವು ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ನಿಮ್ಮ ಬೀದಿಯಲ್ಲಿ ಚರಂಡಿಗೆ ಗುದ್ದಲಿ ಹಾಕುವ ದಿನ, ಹಾಕುವವರನ್ನು ಒಂದು ಗಳಿಗೆ ಕೂರಿಸಿ ಹೇಳಿ.